ನಾಲ್ಕು ದಿನಕ್ಕೆಂದು ಬಂದ ಕಂಡಕ್ಟರಮ್ಮ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ದುಡಿದವಳು ಅವಳು. ರಿಟೈರಾಗಿ ಎರಡು ವರ್ಷ ಕಳೆದರೂ ಓಣಿಯವರಿಗೆಲ್ಲ ಅವಳು ಕಂಡಕ್ಟರಮ್ಮನೇ. ಹೆತ್ತ ಮಗಳು ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಆ ಮಂಗಳವಾರ ಬೆಳಗ್ಗೆ ಮಗಳು ಫೋನಿನಲ್ಲಿ "ಅಮ್ಮಾ" ಅಂದ ಧಾಟಿಗೇ, ಏನೋ ಎಡವಟ್ಟಾಗಿದೆ ಅಂತ ಅವಳಿಗೆ ಗೊತ್ತಾಯಿತು.

"ಇವರು ಹುಲ್ಲಿನ ಅಟ್ಟದಿಂದ ಬಿದ್ದುಬಿಟ್ರು. ಕಾಲು ಎರಡು ಕಡೆ ಮುರಿದಿದೆ. ಎರಡೂವರೆ ತಿಂಗಳು ನೆಲಕ್ಕೆ ಊರಬಾರದಂತೆ. ನನ್ನ ರಜೆ ಎಲ್ಲಾ ಮುಗೀತು. ಆಲೂಗಡ್ಡೆಗೆ ಮಣ್ಣು ಏರಿಸಬೇಕು, ಹಸು ಇದೆ, ಕೋಳಿ ಇದೆ... ನೀನು ಒಂದು ನಾಲ್ಕು ದಿನ ಬರ್ತೀಯಾ?"

"ನಿನ್ನ ಗಂಡ ಒಪ್ಪಿದಾರಾ?"

"ಅವರು ಒಪ್ಪೋ ಸ್ಥಿತಿಲೂ ಇಲ್ಲ, ಬಿಡೋ ಸ್ಥಿತಿಲೂ ಇಲ್ಲ. ನೀನು ಬಾ."

ಅಳಿಯನಿಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಅದಕ್ಕೆ ಕಾರಣವೂ ಅವಳೇ. ಐದು ವರ್ಷದ ಹಿಂದೆ ಮಗಳು, ಎರಡೆಕರೆ ಇಟ್ಟುಕೊಂಡು ತರಕಾರಿ ಬೆಳೆಯುವವನನ್ನು ಮದುವೆಯಾಗುತ್ತೇನೆ ಅಂದಾಗ, "ಓದಿ ನರ್ಸಾಗಿ, ಮಣ್ಣು ಮೆತ್ತಿದ ಅಂಗಿ ಒಗೆಯೋಕೆ ಹೋಗ್ತೀಯಾ?" ಎಂದು ಕೇಳಿದ್ದಳು. ಕೇಳಿದ್ದು ತಪ್ಪಲ್ಲವೇನೋ, ಆದರೆ ಕೇಳುವ ಹೊತ್ತಿಗೆ ಆ ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಮದುವೆ ಆಯಿತು, ಮಾತು ಮಾತ್ರ ಆಗಲಿಲ್ಲ. ಅಂದಿನಿಂದ ಅತ್ತೆ ಅಳಿಯ ಎದುರುಬದುರು ಕೂತಿದ್ದರೂ ನಡುವೆ ಮಗಳು ಬೇಕು. "ನಿಮ್ಮಮ್ಮನಿಗೆ ಇನ್ನೊಂದು ಲೋಟ ಚಹಾ ಬೇಕಾ ಕೇಳು" ಅಂತ ಅವನು. "ಸಾಕು ಅಂತ ಹೇಳು" ಅಂತ ಇವಳು.

ಒಂದು ಚೀಲ ಬಟ್ಟೆ ಹಿಡಿದು ಕಂಡಕ್ಟರಮ್ಮ ಬಂದಿಳಿದಳು. ಎರಡು ಕೋಣೆಯ ಮನೆ, ಮುಂದೆ ಜಗುಲಿ, ಪಕ್ಕಕ್ಕೆ ಕೊಟ್ಟಿಗೆ. ಜಗುಲಿಯಿಂದ ನೋಡಿದರೆ ಹೊಲವೆಲ್ಲ ಅಂಗೈಯಲ್ಲಿ ಇಟ್ಟ ಹಾಗೆ ಕಾಣುತ್ತದೆ: ಮೇಲೆ ಸಣ್ಣ ಸಣ್ಣ ಮಡಿಗಳು, ಆಮೇಲೆ ಬೀನ್ಸಿನ ಸಾಲು, ಕೆಳಗೆ ಬಾವಿಯ ಪಕ್ಕದಲ್ಲಿ ಆಲೂಗಡ್ಡೆ. ಅಳಿಯ ಜಗುಲಿಯ ಮಂಚದ ಮೇಲೆ, ಬಿಳೀ ಪ್ಲಾಸ್ಟರಿನ ಕಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು, ತನ್ನ ಹೊಲವನ್ನು ತಾನೇ ಕಿಟಕಿಯಾಚೆ ನೋಡುವ ಪ್ರಯಾಣಿಕನ ಹಾಗೆ ನೋಡುತ್ತ ಕೂತಿದ್ದ.

ಮರುದಿನ ಎಂಟು ಗಂಟೆಗೆ ಮಗಳು ಆಸ್ಪತ್ರೆಗೆ ಹೊರಟಳು. ಇನ್ನು ಸಂಜೆ ಆರೂವರೆವರೆಗೆ ಮಾತು ದಾಟಿಸುವವರಿಲ್ಲ. ಅರ್ಧ ಗಂಟೆ ಇಬ್ಬರೂ ಉಸಿರೆತ್ತಲಿಲ್ಲ. ಕೊನೆಗೆ ಕೊಟ್ಟಿಗೆಯಿಂದ ಹಸು ಕೂಗಿತು.

"ಹಸುವಿಗೆ ನೀರು ಇಟ್ಟಿಲ್ಲ ಅನ್ಸುತ್ತೆ" ಅಂದ ಅಳಿಯ, ಗಾಳಿಗೆ.

"ಬಕೆಟ್ ಎಲ್ಲಿದೆ ಅಂತ ಯಾರಾದ್ರೂ ಹೇಳಿದ್ರೆ ಇಡಬಹುದು" ಅಂದಳು ಕಂಡಕ್ಟರಮ್ಮ, ಕಂಬಕ್ಕೆ.

"ಕೊಟ್ಟಿಗೆ ಹಿಂದೆ ಇರಬಹುದು."

"ಇರಬಹುದು ಅಂದ್ರೆ? ಇದೆಯೋ ಇಲ್ವೋ ನೆಟ್ಟಗೆ ಹೇಳಬಾರದಾ?"

ಹೇಳಿದ ಮೇಲೆಯೇ ಅವಳಿಗೆ ಅರಿವಾದದ್ದು, ಐದು ವರ್ಷದಲ್ಲಿ ಮೊದಲ ಸಲ ಅಳಿಯನ ಮುಖ ನೋಡಿ ಮಾತಾಡಿದ್ದೇನೆ ಅಂತ. ಅದೂ ಗದರಿದ್ದು. ಅಳಿಯ ಕೆಳಗೆ ನೋಡಿದ. "ಇದೆ" ಅಂದ.

ಕೆಲಸ ಅವಳಿಗೆ ಗೊತ್ತಿರಲಿಲ್ಲ, ಆದರೆ ಕೆಲಸಕ್ಕೆ ಅಂಜುವವಳಲ್ಲ. ಹಾಲು ಕರೆಯುವುದನ್ನು ಮಗಳಿಂದ ಕಲಿತಳು. ಮೊದಲ ಎರಡು ದಿನ ಹಸು ಬಕೆಟ್ಟನ್ನೇ ಒದ್ದಿತು. ಮೂರನೇ ದಿನ ಅವಳು ಹಸುವಿನ ಕಿವಿ ಹತ್ತಿರ ನಿಂತು, ರಶ್ಶಿನಲ್ಲಿ ಗಲಾಟೆ ಮಾಡುವವರಿಗೆ ಹೇಳುತ್ತಿದ್ದ ಸ್ವರದಲ್ಲೇ, "ನೋಡಮ್ಮಾ, ನೀನೂ ಮನೆ ಸೇರಬೇಕು, ನಾನೂ ಮನೆ ಸೇರಬೇಕು" ಅಂದಳು. ಹಸುವಿಗೆ ಏನು ತಿಳಿಯಿತೋ, ತೆಪ್ಪಗೆ ನಿಂತಿತು. ಸಂಜೆ ಕೋಳಿಗಳನ್ನು ಗೂಡಿಗೆ ಹೊಗಿಸುವಾಗ "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಇದೆ" ಅನ್ನುತ್ತಿದ್ದಳು. ಹದಿನೇಳು ತಲೆ ಎಣಿಸದೆ ಬಾಗಿಲು ಹಾಕಿದವಳಲ್ಲ. ಆಲೂಗಡ್ಡೆ ಸಾಲಿಗೆ ಮಣ್ಣು ಏರಿಸುವುದಂತೂ ಸೊಂಟ ಮುರಿಯುವ ಕೆಲಸ. ಗುದ್ದಲಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಅಳಿಯ ಮಂಚದಿಂದಲೇ ಕೂಗುತ್ತಿದ್ದ: "ಬುಡಕ್ಕೆ! ಎಲೆ ಮೇಲೆ ಅಲ್ಲ, ಬುಡಕ್ಕೆ!" ಅವಳು ಅಲ್ಲಿಂದಲೇ ತಿರುಗಿ, "ಕಣ್ಣು ಕಾಣುತ್ತೆ ನಂಗೆ!" ಅನ್ನುತ್ತಿದ್ದಳು. ನಾಲ್ಕು ದಿನ ಹತ್ತಾಯಿತು.

ಹನ್ನೊಂದನೇ ದಿನ ಅಳಿಯ ಹೇಳಿದ, "ಮೇಲಿನ ಮಡಿಗಳಲ್ಲಿ ಕಳೆ ತುಂಬಿದೆ, ತೆಗೀಬೇಕು."

ಅಷ್ಟು ಸಾಕಾಯಿತು ಅವಳಿಗೆ. ಕಳೆ ತೆಗೆಯೋಕೆ ಯಾರ ಪಾಠ ಬೇಕು? ಬೆಳಗ್ಗೆ ಹತ್ತಕ್ಕೆ ಜಗುಲಿಗೆ ಬೆನ್ನು ಹಾಕಿ ಕುಕ್ಕುರುಗಾಲಲ್ಲಿ ಕೂತವಳು ಮಧ್ಯಾಹ್ನ ಮೂರರವರೆಗೆ ಏಳಲಿಲ್ಲ. ಮಡಿಯಲ್ಲಿ ಎರಡು ಜಾತಿ ಇತ್ತು. ಒಂದು, ಅಗಲ ಎಲೆಯ, ಪುಟ್ಟ ನೀಲಿ ಹೂ ಬಿಟ್ಟ ಚೆಂದದ ಗಿಡ. ಇನ್ನೊಂದು, ಸೂಜಿಯಂತೆ ನಿಂತ ಬಡಕಲು ಹುಲ್ಲು. ಹುಲ್ಲನ್ನೆಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ಕಿತ್ತು, ಹಸುವಿಗಾಗುತ್ತದೆಂದು ಬುಟ್ಟಿಗೆ ತುಂಬಿ, ಹೆಮ್ಮೆಯಿಂದ ಜಗುಲಿಗೆ ತಂದಿಟ್ಟಳು. "ಆರರಲ್ಲಿ ಮೂರು ಮಡಿ ಮುಗೀತು."

ಅಳಿಯ ಬುಟ್ಟಿ ನೋಡಿದ. ಒಂದು ಎಳೆ ಎತ್ತಿ ಮೂಗಿಗೆ ಹಿಡಿದ.

"ಇದು ಈರುಳ್ಳಿ ಸಸಿ!" ಅಂತ ಕಿರುಚಿದ. "ಕಳೆ ಬಿಟ್ಟು ಈರುಳ್ಳಿ ಕಿತ್ತಿದ್ದೀರಲ್ಲ! ವಾಸನೆ ಬರಲಿಲ್ವಾ? ಬೇಸಾಯ ಅಂದ್ರೆ ಬಸ್ಸಲ್ಲಿ ಟಿಕೆಟ್ ಹರಿದಷ್ಟು ಸುಲಭ ಅಂದ್ಕೊಂಡ್ರಾ? ಬರದೇ ಇದ್ದಿದ್ರೆ ಚೆನ್ನಾಗಿತ್ತು!"

ಕಂಡಕ್ಟರಮ್ಮನಿಗೆ ಕುಡಿದು ಬಂದವರು ಬೈದದ್ದಿದೆ, ಚಿಲ್ಲರೆಗೆ ಜಗಳ ತೆಗೆದವರು ಬೈದದ್ದಿದೆ. ಯಾವುದಕ್ಕೂ ಅವಳ ನಾಲಿಗೆ ಸೋತದ್ದಿಲ್ಲ. ಅವತ್ತು ಸೋತಿತು. ಅವಳು ಒಳಗೆ ಹೋದಳು, ಕೈ ತೊಳೆದಳು, ಚೀಲಕ್ಕೆ ಬಟ್ಟೆ ತುರುಕಿದಳು, ಅಳಿಯನ ಮಂಚದ ಮುಂದೆಯೇ ಹಾದು ರಸ್ತೆಗೆ ನಡೆದಳು.

ಬಸ್ ಸ್ಟಾಪಿಗೆ ಕಾಲು ಗಂಟೆ ದಾರಿ. ನಾಲ್ಕರ ಬಸ್ಸು ಸಮಯಕ್ಕೇ ಬಂತು. ಕಂಡಕ್ಟರ್ ಹುಡುಗಿ ಅವಳ ಕೈಕೆಳಗೆ ತರಬೇತಿ ಪಡೆದವಳು. ಗುರುತು ಹಿಡಿದು, "ಹತ್ತಿ ಮೇಡಂ, ಮುಂದಿನ ಸೀಟು ಖಾಲಿ ಇದೆ" ಅಂದಳು. ಕಂಡಕ್ಟರಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಬಾಡಿದ ಸೊಪ್ಪಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಗಡಿಯಾರ ನಾಲ್ಕು ದಾಟಿತ್ತು. ಐದಕ್ಕೆ ಹಾಲು ಕರೆಯಬೇಕು. ಮಗಳು ಬರುವುದು ಆರೂವರೆಗೆ. ಅಳಿಯ ಕೊಟ್ಟಿಗೆಗೆ ಹೋಗಲಾರ. ಕೆಚ್ಚಲು ಬಿಗಿದು ಆ ಮೂಕಪ್ರಾಣಿ ಎಷ್ಟು ಕೂಗೀತು? ಹಸು ಏನು ತಪ್ಪು ಮಾಡಿದೆ?

ಕಂಡಕ್ಟರಮ್ಮ ಕಾಲು ಹಿಂದಕ್ಕೆ ತೆಗೆದಳು. ಬಸ್ಸಿನ ಮೈಗೆ ಎರಡು ಸಲ ಬಡಿದು, "ರೈಟ್, ಹೋಗಲಿ" ಅಂದಳು.

ತಿರುಗಿ ಬಂದಾಗ ಮಂಚ ಖಾಲಿ! ಜಗುಲಿಯಿಂದ ಮೇಲಿನ ಮಡಿಗಳವರೆಗೆ ನೆಲದಲ್ಲಿ ಏನನ್ನೋ ಎಳೆದ ಗೆರೆ. ಗೆರೆಯ ತುದಿಯಲ್ಲಿ ಅಳಿಯ ಗೋಣಿಚೀಲದ ಮೇಲೆ ಕೂತಿದ್ದ, ಪ್ಲಾಸ್ಟರಿನ ಕಾಲು ಕೋಲಿನ ಹಾಗೆ ಮುಂದಕ್ಕೆ ಚಾಚಿತ್ತು. ಪಕ್ಕದ ಬಕೆಟ್ಟಿನಲ್ಲಿ ಈರುಳ್ಳಿ ಸಸಿಗಳು ನೀರಿನಲ್ಲಿ ನೆನೆಯುತ್ತಿದ್ದವು. ಒಂದೊಂದನ್ನೇ ತೆಗೆದು ಬೆರಳಲ್ಲಿ ತೂತು ಮಾಡಿ ನೆಡುತ್ತಿದ್ದ.

"ತಲೆ ಕೆಟ್ಟಿದೆಯಾ ನಿಮಗೆ? ಕಾಲು ಮತ್ತೆ ಮುರಿದ್ರೆ?"

ಅವನು ತಲೆ ಎತ್ತಲಿಲ್ಲ. "ಈರುಳ್ಳಿ ಹೇಗಿದ್ರೂ ಕಿತ್ತು ನೆಡೋ ಬೆಳೆನೇ ಅತ್ತೆ. ನೀವು ಹತ್ತು ದಿನ ಮುಂಚೆ ಕಿತ್ತಿದ್ದೀರಿ, ಅಷ್ಟೇ." ಇನ್ನೊಂದು ಸಸಿ ಎತ್ತಿಕೊಂಡು, "ಹಾಗೆಲ್ಲ ಅನ್ನಬಾರದಿತ್ತು ನಾನು. ಮೂರು ವಾರದಿಂದ ಕೂತು ಕೂತು... ಯಾರ ಮೇಲಾದ್ರೂ ಹಾಯಬೇಕು ಅನ್ನಿಸ್ತಿತ್ತು" ಅಂದ.

"ನಾನೂ ವಾಸನೆ ನೋಡಬೇಕಿತ್ತು" ಅಂದಳು ಅವಳು. "ಇರಿ, ಹಾಲು ಕರೆದು ಬಂದೆ."

ಬಂದವಳು ಎದುರು ಸಾಲಿನಲ್ಲಿ ಕೂತಳು. ಎಷ್ಟು ಆಳ, ಎಷ್ಟು ದೂರ, ಬೇರು ಮಡಚದ ಹಾಗೆ ಹೇಗೆ, ಎಲ್ಲ ತೋರಿಸಿಕೊಟ್ಟ. ಒಂದು ಮಡಿ ಮುಗಿಯುವ ಹೊತ್ತಿಗೆ ಕಂಡಕ್ಟರಮ್ಮನಿಗೆ ಬಸ್ಸಿನ ಹೆಂಗಸು ನೆನಪಾದಳು.

"ಅಳಿಯಂದ್ರೇ, ಮದುವೆ ಬೇಡ ಅಂದಿದ್ದು ಮಣ್ಣಿಗಲ್ಲ" ಅಂದಳು. "ಬೆಳಗಿನ ಮೊದಲ ಟ್ರಿಪ್ಪಲ್ಲಿ ಬುಟ್ಟಿ ತುಂಬ ತರಕಾರಿ ಹೊತ್ತು ಹತ್ತೋರು. ಬುಟ್ಟಿಗೂ ಲಗೇಜ್ ಟಿಕೆಟ್ ಹರೀತಿದ್ದೆ. ಸಂಜೆ ಟ್ರಿಪ್ಪಲ್ಲಿ ಅದೇ ಬುಟ್ಟಿ, ಅದೇ ತರಕಾರಿ, ಬಾಡಿ ವಾಪಸ್. ಆಗ ನಾನು ಟಿಕೆಟ್ ಕೇಳ್ತಿರಲಿಲ್ಲ, ಬೇರೆ ಕಡೆ ನೋಡ್ತಿದ್ದೆ. ಮೂವತ್ತೊಂದು ವರ್ಷ ಅವರ ಮುಖ ನೋಡಿದ್ದೀನಿ. ನನ್ನ ಮಗಳ ಮುಖ ಹಾಗಾಗಬಾರದು ಅಂತ."

ಅಳಿಯ ಕೈಯಲ್ಲಿದ್ದ ಸಸಿ ನೆಟ್ಟು ಬುಡ ಒತ್ತಿದ. "ನಂದೂ ಎಷ್ಟೋ ದಿನ ಹಾಗೇ ವಾಪಸ್ ಬಂದಿದೆ ಅತ್ತೆ. ನಿಮ್ಮ ಮಗಳಿಗೆ ಹೇಳಿಲ್ಲ. ಹಸುವಿಗೆ ಹಾಕಿಬಿಡ್ತೀನಿ."

ಆರೂವರೆಗೆ ಮಗಳು ಬಂದಾಗ ಗಂಡ ಮತ್ತು ತಾಯಿ ಎದುರುಬದುರು ಕೂತು, ಮೊಣಕೈವರೆಗೆ ಕೆಸರು ಮಾಡಿಕೊಂಡು, ಯಾವುದೋ ಡ್ರೈವರನ ಕಥೆಗೆ ಬಿದ್ದು ಬಿದ್ದು ನಗುತ್ತಿದ್ದರು. ಬಿಳೀ ಪ್ಲಾಸ್ಟರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನರ್ಸು ಬಾಯಿ ತೆರೆದಳು. ಒಂದು ಗಂಟೆ ಮುಚ್ಚಲಿಲ್ಲ. ಬೈಗುಳದಲ್ಲಿ ಅರ್ಧ ಅವನಿಗೆ, ಅರ್ಧ ಇವಳಿಗೆ. "ಕಂಡಕ್ಟರಮ್ಮಾ, ನಿನಗಾದ್ರೂ ಬುದ್ಧಿ ಬೇಡ್ವಾ?" ಅತ್ತೆ ಅಳಿಯ ಒಬ್ಬರನ್ನೊಬ್ಬರು ಕದ್ದು ನೋಡಿಕೊಂಡು, ತಪ್ಪು ಮಾಡಿದ ಮಕ್ಕಳ ಹಾಗೆ ತಲೆ ತಗ್ಗಿಸಿದರು.

ಮುಂದಿನ ವಾರಗಳಲ್ಲಿ ಬೀನ್ಸು ಬಂತು. ಬಂದರೆ ಒಟ್ಟಿಗೇ ಬರುವ ಬೆಳೆ ಅದು. ಇವತ್ತು ಬಿಡಿಸದಿದ್ದರೆ ನಾಳೆ ನಾರು. ಎಲ್ಲರ ಹೊಲದಲ್ಲೂ ಬಂದಿತ್ತು, ಮಾರುಕಟ್ಟೆಯಲ್ಲಿ ಕೇಳುವವರಿರಲಿಲ್ಲ. ಕಂಡಕ್ಟರಮ್ಮ ಎರಡು ದಿನ ಯೋಚಿಸಿದಳು.

"ಪೇಟೆ ಸರ್ಕಲ್ಲಿದೆಯಲ್ಲ, ಅಲ್ಲಿ ಸಂಜೆ ಬಸ್ಸೆಲ್ಲ ಹತ್ತು ನಿಮಿಷ ನಿಲ್ತಾವೆ" ಅಂದಳು. "ಆಫೀಸಿಂದ ಬರೋ ಹೆಂಗಸರು ಕಿಟಕೀಲಿ ಕೂತು, ಮನೆಗೆ ಹೋಗಿ ಏನು ಬೇಯಿಸಲಿ ಅಂತ ಯೋಚ್ನೆ ಮಾಡ್ತಿರ್ತಾರೆ. ನಂಗೊತ್ತು, ನಾನೂ ಅದೇ ಯೋಚ್ನೆ ಮಾಡ್ತಿದ್ದೆ. ಅವರಿಗೆ ಬುಟ್ಟಿಗಟ್ಟಲೆ ಬೇಡ. ಒಂದು ಹೊತ್ತಿಗೆ ಆಗೋಷ್ಟು, ನಾರು ತೆಗೆದು, ಮುರಿದು ಕೊಟ್ರೆ ಸಾಕು."

"ನಾರು ಯಾರು ತೆಗೀತಾರೆ?"

ಅವಳು ಮಂಚದ ಕಡೆ ನೋಡಿದಳು.

"ನಾನಾ?"

"ಕಾಲು ತಾನೇ ಮುರಿದಿರೋದು? ಕೈ ನೆಟ್ಟಗಿದೆಯಲ್ಲ."

ಅಳಿಯ ಮೂಗು ಮುರಿದ, ಆಮೇಲೆ ನಾರು ತೆಗೆಯಲು ಕೂತ. ಹಾಲು ಕರೆಯುವುದೂ ಕೂತು ಮಾಡುವ ಕೆಲಸವೇ ಅಲ್ಲವೇ ಎಂದು, ಊರುಗೋಲು ಬಂದ ಮೇಲೆ ಸಂಜೆಯ ಹಾಲನ್ನೂ ಅವನೇ ವಹಿಸಿಕೊಂಡ. ಕಂಡಕ್ಟರಮ್ಮ ನಾಲ್ಕರ ಬಸ್ಸು ಹಿಡಿದಳು.

ಮೊದಲ ದಿನ ನಲವತ್ತು ಪೊಟ್ಟಣದಲ್ಲಿ ಹನ್ನೆರಡು ಹೋದವು. ಎರಡನೇ ದಿನ ಒಂಬತ್ತು. ಅಳಿಯ ಉಳಿದದ್ದನ್ನು ಹಸುವಿನ ಮುಂದೆ ಸುರಿದ. ತಪ್ಪು ಎಲ್ಲಿದೆ ಅಂತ ಅವಳಿಗೆ ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ನಾನು ಅಂಗಡಿಯವಳ ಹಾಗೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ! ಮೂರನೇ ದಿನ ಅವಳು ಹಳೆಯ ಗಂಟಲು ಬಿಚ್ಚಿದಳು. "ಬೀನ್ಸ್ ಬೀನ್ಸ್ ಬೀನ್ಸ್! ನಾರಿಲ್ಲ, ಕಸ ಇಲ್ಲ, ಹೋಗಿ ಒಲೆ ಮೇಲೆ ಇಡೋದೇ! ಬೆಳಗ್ಗೆ ಕಿತ್ತಿದ್ದು! ತಗೊಂಡವರು ದಾರಿ ಬಿಡಿ, ಹಿಂದಿನವರು ಮುಂದೆ ಬನ್ನಿ!" ಡ್ರೈವರುಗಳು ಹಾರ್ನು ಹೊಡೆದು ನಕ್ಕರು. ಹಳೆಯ ಪ್ರಯಾಣಿಕರು ಕಿಟಕಿಯಿಂದ ಇಣುಕಿ, "ಅಯ್ಯೋ, ನಮ್ಮ ಕಂಡಕ್ಟರಮ್ಮ!" ಅಂದರು. ಐದೂವರೆಗೆ ಬುಟ್ಟಿಯ ತಳ ಕಂಡಿತು. ಆ ಖಾಲಿ ಬುಟ್ಟಿಯನ್ನು ಅಳಿಯ ಕೈಗೆ ತಗೊಂಡು, ಬೋರಲು ಹಾಕಿ, ತಳ ತಟ್ಟಿ ನೋಡಿದ. ಆಮೇಲೆ, "ನಾಳೆಗೆ ಅರವತ್ತು ಮಾಡೋಣ್ವಾ ಅತ್ತೆ?" ಅಂದ.

ಕಾಲಿನ ಪ್ಲಾಸ್ಟರು ತೆಗೆದಾಗ ಅವನ ಕಾಲು ಬೀನ್ಸಿಗಿಂತ ತೆಳ್ಳಗಿದೆ ಎಂದು ಅತ್ತೆ ಹಾಸ್ಯ ಮಾಡಿದಳು. ಆಲೂಗಡ್ಡೆ ಅಗೆದಾಗ ಅವನು ಕೋಲೂರಿಕೊಂಡು ಸಾಲು ಸಾಲಿನ ಉದ್ದಕ್ಕೂ ನಡೆದ. ಈರುಳ್ಳಿ ಮಾತ್ರ ಸುಮಾರಾಗಿ ಬಂತು. ಮತ್ತೆ ನೆಟ್ಟದ್ದರಲ್ಲಿ ಅರ್ಧ ಒಣಗಿತು, ಉಳಿದ ಗಡ್ಡೆ ನಿಂಬೆಹಣ್ಣಿನ ಗಾತ್ರ ದಾಟಲಿಲ್ಲ. "ಬಾಯಿಗೆ ಇಡಿಯಾಗಿ ಹಾಕ್ಕೋಬಹುದು" ಅಂದ ಅಳಿಯ. ಅವಳಿಗೆ ಬೇಜಾರಾಯಿತು, ಇಲ್ಲವೆನ್ನಲಾಗದು.

ಈರುಳ್ಳಿ ಮುಗಿದ ಮೇಲೆ ಕಂಡಕ್ಟರಮ್ಮ ತನ್ನ ಮನೆಗೆ ಹೋಗಿ ಬಂದಳು. ಹೋದವಳು ಧೂಳು ಹೊಡೆದು, ಗಿಡಕ್ಕೆ ನೀರು ಹಾಕೋಕೆ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ಮೂರೇ ದಿನಕ್ಕೆ ವಾಪಸ್. ಕೈಯಲ್ಲಿ ಎರಡು ಪೊಟ್ಟಣ ಬೀಜ.

"ಕೆಳಗಿನ ಹೊಲಕ್ಕೆ ಈ ಸಲ ಮೂಲಂಗಿ" ಅಂದಳು, ಚಪ್ಪಲಿ ಬಿಡುವ ಮೊದಲೇ.

"ಅಲ್ಲಿ ಮೂಲಂಗಿ ಆಗಲ್ಲ ಅತ್ತೆ, ಜಿಗುಟು ಮಣ್ಣು. ಅಲ್ಲಿ ಕೋಸು."

"ಕೋಸು ಯಾರು ಕಿಟಕೀಲಿ ಕೊಳ್ತಾರೆ? ತೊಡೆ ಮೇಲೆ ಕೂರಿಸ್ಕೊಂಡು ಹೋಗ್ಬೇಕಾ, ಮಗೂ ಥರ?"

"ಹೆಚ್ಚಿ ಕೊಡೋಣ."

ಕಂಡಕ್ಟರಮ್ಮ ಬೀಜದ ಪೊಟ್ಟಣಗಳನ್ನು ಜಗುಲಿಯ ಮೇಲಿಟ್ಟಳು. ಅದು ಅವಳಿಗೆ ಹೊಳೆದಿರಲಿಲ್ಲ. ಒಳಗಿನಿಂದ ಮಗಳು, "ಮೊದಲು ಊಟ ಮಾಡಿ, ಆಮೇಲೆ ಕಿತ್ತಾಡಿ" ಎಂದು ಕೂಗಿದಳು. ಅವತ್ತು ಮಗಳಿಗೆ ವಾರದ ರಜೆ.

ಮರುದಿನ ಬೆಳಗ್ಗೆ ಇಬ್ಬರೂ ಕೆಳಗಿನ ಹೊಲಕ್ಕೆ ಇಳಿದರು. ಮಣ್ಣು ಹದವಾಗಿತ್ತು. ಮುಕ್ಕಾಲು ಪಾಲು ಕೋಸಿಗೆ, ಮೇಲ್ಗಡೆಯ ಮರಳು ಮಿಶ್ರಿತ ಮೂಲೆ ಮೂಲಂಗಿಗೆ ಅಂತ ರಾಜಿಯಾಗಿತ್ತು. ಅಳಿಯ ಗೂಟ ಹೊಡೆದು ದಾರ ಕಟ್ಟಿ, ಉಂಡೆಯನ್ನು ಅವಳ ಕೈಗೆ ಕೊಟ್ಟ. ಕಂಡಕ್ಟರಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ದಾರ ಬಿಚ್ಚುತ್ತ ಹಿಂದೆ ಹಿಂದೆ ನಡೆದು ಆ ತುದಿ ಸೇರಿದಳು.

"ಬಿಗಿಯಾಗಿ ಎಳೀರಿ ಅತ್ತೆ!" ಅಂತ ಅವನು ಈ ತುದಿಯಿಂದ ಕೂಗಿದ. "ಇನ್ನೂ ಸ್ವಲ್ಪ ಎಡಕ್ಕೆ!"

"ನನ್ನ ಎಡನಾ, ನಿಮ್ಮ ಎಡನಾ?"

"ಬಾವಿ ಕಡೆ!"

ಅವಳು ಬಾವಿಯ ಕಡೆ ಒಂದು ಹೆಜ್ಜೆ ಸರಿದು, ಗೂಟ ಊರಿ, ಕಲ್ಲಿನಿಂದ ಬಡಿದಳು. ಮೊದಲ ಸಾಲು ನೆಟ್ಟಗೆ ಬಂತು.