ಹನ್ನೆರಡನೆಯ ನರ್ಸು

ಯಂತ್ರಗಳನ್ನು ಜನ ಸಲೀಸಾಗಿ ಬಳಸುವ ಹಾಗೆ ಮಾಡುವುದು ನನ್ನ ಕಸುಬು. ಈ ಮಾತು ಎತ್ತಿದಾಗಲೆಲ್ಲ ನನ್ನ ಗಂಡ ಮನೆಯ ಒಲೆಯ ಕಡೆ ನೋಡಿ ಕೆಮ್ಮುತ್ತಾನೆ. ಅದರ ನಾಲ್ಕು ತಿರುಪುಗಳಿಗೆ ನಾನು ಬಣ್ಣದ ಚೀಟಿ ಅಂಟಿಸಿದ ಮೇಲೆ ಹಾಲು ಉಕ್ಕುವುದು ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಕಚೇರಿಯಲ್ಲಿ ಮಾತ್ರ ನನ್ನದೇ ದರ್ಬಾರು. ಯಂತ್ರದ ಮುಂದೆ ಯಾರಾದರೂ ಎಡವಿದರೆ ತಪ್ಪು ಯಂತ್ರದ್ದು, ಬಳಸುವವರದ್ದಲ್ಲ ಎಂದು ಹೊಸದಾಗಿ ಸೇರಿದವರಿಗೆಲ್ಲ ಮುಕ್ಕಾಲು ಗಂಟೆ ಭಾಷಣ ಬಿಗಿಯುತ್ತೇನೆ. ಪರೀಕ್ಷೆ ನಡೆಸುವವರು ಮಾತಾಡಬಾರದು, ತಲೆಯಾಡಿಸಬಾರದು, ಮುಖ ಗೋಡೆಯ ಹಾಗಿರಬೇಕು ಎಂದೂ ಹೇಳುತ್ತೇನೆ. ಕಚೇರಿಯವರು ನನಗೆ ‘ಗೋಡೆ ಮೇಡಂ’ ಎಂದು ಅಡ್ಡಹೆಸರಿಟ್ಟಿದ್ದರು. ಅದು ಹೊಗಳಿಕೆ ಎಂದೇ ತಿಳಿದು ಬೀಗುತ್ತಿದ್ದೆ.

ಆ ತಿಂಗಳು ನಮ್ಮ ಕೈಯಲ್ಲಿದ್ದದ್ದು ಆಸ್ಪತ್ರೆಯ ಪಂಪು, ರೋಗಿಯ ಮೈಗೆ ಹನಿಹನಿಯಾಗಿ ಔಷಧ ಬಿಡುವ ಪುಟ್ಟ ಯಂತ್ರ. ಅದರ ಮೇಲೆ ಅಕ್ಕಪಕ್ಕ ಎರಡು ಬೂದು ಗುಂಡಿ. ಒಂದನ್ನು ಒತ್ತಿದರೆ ಔಷಧ ನಿಲ್ಲುತ್ತದೆ, ಇನ್ನೊಂದನ್ನು ಒತ್ತಿದರೆ ಒಮ್ಮೆಲೇ ಒಂದು ಪಾಲು ಹೆಚ್ಚು ಹೋಗುತ್ತದೆ. ಎರಡೂ ಒಂದೇ ಅಳತೆ, ಒಂದೇ ಬಣ್ಣ. ನೋಡಲು ಅಂದವಾಗಿರಲಿ ಎಂದು ಹಾಗೆ ಮಾಡಿದ ಮಹಾಜಾಣೆ ನಾನೇ.

ತೀವ್ರ ನಿಗಾ ಘಟಕದ ಹನ್ನೆರಡು ನರ್ಸುಗಳನ್ನು ಒಬ್ಬೊಬ್ಬರಾಗಿ ಕರೆದು, ಬರೀ ನೀರು ತುಂಬಿದ ಪಂಪಿನ ಮುಂದೆ ಕೂರಿಸಿದೆವು. ಎಚ್ಚರಿಕೆಯ ಗಂಟೆ ಬಡಿದ ಕೂಡಲೇ ಅವರು ಔಷಧ ನಿಲ್ಲಿಸಬೇಕು. ಇಬ್ಬರೂ ಕಾಣುವಂತೆ ವಿಡಿಯೊ ಕ್ಯಾಮೆರಾ ಇಟ್ಟು, ನಾನು ಮೇಜಿನ ಆಚೆ ಗೋಡೆಯಾಗಿ ಕೂತೆ. ಹನ್ನೊಂದು ಜನ ಸರಿಯಾಗಿ ಒತ್ತಿದರು. ಹನ್ನೆರಡನೆಯವರು ಇಡೀ ಘಟಕ ‘ಅಕ್ಕ’ ಎಂದು ಕರೆಯುವ, ಹದಿನೇಳು ವರ್ಷ ಅನುಭವದ ನರ್ಸು. ಅವರು ಎಡಚರು. ಪಂಪನ್ನು ತಮ್ಮ ಕೈಗೆ ಅನುಕೂಲವಾಗುವಂತೆ ತಿರುಗಿಸಿಕೊಂಡು, ನನಗೆ ಬೆನ್ನು ಹಾಕಿ ಕೂತು, ಮೂರಕ್ಕೆ ಮೂರು ಸಲವೂ ಹೆಚ್ಚು ಔಷಧದ ಗುಂಡಿಯನ್ನೇ ಒತ್ತಿದರು.

ಆಸ್ಪತ್ರೆಗೂ ಹೋಗುವ ವರದಿಯಲ್ಲಿ ಬರೆದೆ: ‘ಹನ್ನೆರಡರಲ್ಲಿ ಹನ್ನೊಂದು. ಪಂಪು ಸರಿಯಿದೆ. ಒಬ್ಬರ ವೈಫಲ್ಯಕ್ಕೆ ಕಾರಣ, ಗಮನದ ಕೊರತೆ.’ ಮುಕ್ಕಾಲು ಗಂಟೆಯ ಭಾಷಣ ಆ ಹೊತ್ತಿಗೆ ಎಲ್ಲಿ ಹಾಳಾಗಿ ಹೋಗಿತ್ತೋ. ಶನಿವಾರ ಆಸ್ಪತ್ರೆಯ ಮೇಲ್ವಿಚಾರಕಿ ಫೋನ್ ಮಾಡಿದರು.

“ತಿಳಿಸಿದ್ದು ಒಳ್ಳೇದಾಯ್ತು. ಸೋಮವಾರದಿಂದ ಅವರನ್ನ ಬಟ್ಟೆ ಉಗ್ರಾಣಕ್ಕೆ ಹಾಕ್ತಿದೀವಿ. ರೋಗಿಗಳ ಹತ್ರ ಬಿಡೋದು ಬೇಡ.”

ನಾನೇನು ಸುಳ್ಳು ಬರೆದೆನೇ ಎಂದು ಸಮಾಧಾನ ಮಾಡಿಕೊಂಡೆ.

ಭಾನುವಾರ ಮಧ್ಯಾಹ್ನ ಗಂಡನ ಜೊತೆ ಇಸ್ಪೀಟಿಗೆ ಕೂತೆ. ಮದುವೆಯಾಗಿ ಒಂಬತ್ತು ವರ್ಷ, ಒಂದು ಆಟವನ್ನೂ ನಾನು ಗೆದ್ದಿಲ್ಲ. ಅವನು ನನ್ನ ಕೈಯಲ್ಲಿದ್ದ ಒಂದು ಎಲೆಗೆ ಕೈ ಹಾಕಿದ, ನನ್ನ ಕಡೆ ನೋಡಿದ, ಅದನ್ನು ಬಿಟ್ಟು ಬೇರೆಯದನ್ನು ಎಳೆದು ಗೆದ್ದ.

“ಅದ್ಹೇಗೆ ಪ್ರತಿಸಲ ಗೊತ್ತಾಗತ್ತೆ ನಿಂಗೆ?”

“ನಾನು ತಪ್ಪು ಎಲೆ ಮುಟ್ಟಿದ್ರೆ ಸಾಕು, ನಿನ್ನ ಎಡ ಹುಬ್ಬು ಎದ್ದುಬಿಡತ್ತೆ.”

“ಒಂಬತ್ತು ವರ್ಷದಿಂದ ಬಾಯಿ ಬಿಡಲಿಲ್ವಲ್ಲ!”

“ಬಿಟ್ಟಿದ್ರೆ ಸೋಲ್ತಿದ್ದೆ.”

ನಗಲು ಹೊರಟವಳಿಗೆ ಪರೀಕ್ಷೆಯ ಮೇಜು ನೆನಪಾಯಿತು. ಎಲೆಗಳನ್ನು ಅಲ್ಲೇ ಬಿಟ್ಟು ಪರೀಕ್ಷೆಯ ವಿಡಿಯೊ ಹಾಕಿದೆ. ಮೊದಲ ನರ್ಸಿನ ಬೆರಳು ತಪ್ಪು ಗುಂಡಿಯ ಮೇಲೆ ಸುಳಿಯಿತು. ಕಣ್ಣು ನನ್ನತ್ತ ಹೊರಳಿತು. ಗೋಡೆಯ ಹುಬ್ಬು ಎದ್ದಿತು. ಬೆರಳು ಪಕ್ಕಕ್ಕೆ ಸರಿಯಿತು. ಹನ್ನೊಂದರಲ್ಲಿ ಎಂಟು ಜನರದ್ದು ಇದೇ ಕಥೆ. ಅವರು ಮೋಸ ಮಾಡಿರಲಿಲ್ಲ. ದಾರಿ ತೋಚದಾಗ ಮನುಷ್ಯರು ಎದುರಿಗಿರುವವರ ಮುಖ ನೋಡುತ್ತಾರೆ, ಅಷ್ಟೇ. ಇದು ಕೂಡ ನನ್ನ ಭಾಷಣದಲ್ಲೇ ಇದೆ. ನನ್ನ ಮುಖ ಕಾಣದ ಹಾಗೆ, ಪಂಪನ್ನು ಮಾತ್ರ ನಂಬಿ ಕೂತದ್ದು ಅಕ್ಕ ಒಬ್ಬರೇ.

ಪಂಪನ್ನು ತಡೆಹಿಡಿಯಿರಿ ಎಂದು ಕಚೇರಿಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಯಾಕೆ ಎಂದರು. “ನನ್ನ ಹುಬ್ಬು ಸರ್” ಎಂದೆ. ಎರಡು ದಿನ ರಜೆ ತಗೊಳ್ಳಮ್ಮ ಎಂದರು. ವಿಡಿಯೊ ಕಳಿಸಿದ ಮೇಲೆ ಪಂಪನ್ನು ತಡೆಹಿಡಿದರು.

ಸೋಮವಾರ ಬೆಳಿಗ್ಗೆ ಹೊಸ ವರದಿ ಹಿಡಿದು ಆಸ್ಪತ್ರೆಗೆ ಓಡಿದೆ. ಮೇಲ್ವಿಚಾರಕಿ ಎರಡೆರಡು ಸಲ ಓದಿದರು.

“ಅಂದ್ರೆ, ಈ ಪಂಪು ಸರಿಯಾಗಿ ಕೆಲಸ ಮಾಡ್ಬೇಕಾದ್ರೆ ಪ್ರತಿ ಹಾಸಿಗೆ ಪಕ್ಕ ನೀವೂ ಕೂತಿರ್ಬೇಕು?”

“ಹೌದು” ಎಂದೆ. ಅವರು ವರ್ಗಾವಣೆಯ ಕಾಗದ ಹರಿದು ಬುಟ್ಟಿಗೆ ಹಾಕಿ, ಉಗ್ರಾಣದ ದಾರಿ ತೋರಿಸಿದರು. “ನೀವೇ ಹೋಗಿ ಹೇಳಿ.”

ಉಗ್ರಾಣದಲ್ಲಿ ಅಕ್ಕ ನನಗೆ ಬೆನ್ನು ಹಾಕಿ ನಿಂತು ಬಟ್ಟೆ ಜೋಡಿಸುತ್ತಿದ್ದರು. ಮೆಟ್ಟಿಲಿಳಿಯುವಾಗ ನಾಲ್ಕು ಒಳ್ಳೆಯ ವಾಕ್ಯ ಕಟ್ಟಿಕೊಂಡಿದ್ದೆ. “ಅಕ್ಕ” ಎಂದೆ. ಅವರು ತಿರುಗಿ ನನ್ನ ಮುಖ ನೋಡಿದರು. ಆ ನಾಲ್ಕನ್ನೂ ಬಿಟ್ಟೆ.

“ತಪ್ಪು ನಂದು. ನೀವು ಘಟಕಕ್ಕೆ ವಾಪಸ್ ಹೋಗ್ಬಹುದು. ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ.”

ಅವರು ಕೈಯಲ್ಲಿದ್ದ ಬಟ್ಟೆಯನ್ನು ಕಪಾಟಿನಲ್ಲಿಟ್ಟರು. “ಈ ಹದಿನೇಳು ವರ್ಷದಲ್ಲಿ ಯಾರ್‍ಯಾರಿಗೆ ಏನೇನು ತಪ್ಪು ಕೊಟ್ಟಿದೀನೋ ಅಂತ ಒಬ್ಬೊಬ್ಬರನ್ನೇ ನೆನಪು ಮಾಡ್ಕೊಳ್ತಾ ಕೂತಿದ್ದೆ, ಎರಡು ದಿನ.”

ನಾಚಿಕೆಯಿಂದ ನೆಲ ನೋಡಿದೆ. ಅವರು ಒಗೆದ ದೊಡ್ಡ ಹೊದಿಕೆಯೊಂದನ್ನು ಕೊಡವಿದರು.

“ಇದೊಂದು ಮಡಿಸಿಟ್ಟು ಹೋಗ್ತೀನಿ. ಆ ಕಡೆ ಹಿಡ್ಕೊಳ್ಳಿ.”

ಅವಸರದಲ್ಲಿ ಒಂದು ಮೂಲೆಗೆ ಕೈ ಹಾಕಿ ಅವರ ಕಡೆ ನೋಡಿದೆ. ಅಕ್ಕನ ಹುಬ್ಬು ಎದ್ದಿತು. ನಾನು ಬೇರೆ ಮೂಲೆ ಹಿಡಿದೆ.