ತಾರಸಿಯ ಮೇಲೆ ಕೆಂಪು ಹೊದಿಕೆ

ಗಂಡ ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು ಅವಳಿಗೆ. ಅದಕ್ಕೇ ಏದುಸಿರು ಬಿಡುತ್ತ ಗುಡ್ಡ ಹತ್ತಿದಳು.

ಅವನು ಬಣ್ಣ ಹೊಡೆಯುವವನು. ಗುಡ್ಡದ ನೆತ್ತಿಯ ಗುಡಿಯಲ್ಲಿ, ಊರಿಗೆ ಮುಖ ಮಾಡಿ ಕೂತ ದೊಡ್ಡ ಬುದ್ಧನಿಗೆ ಬಿಳಿ ಬಣ್ಣ ಬಳಿಯುವ ಕೆಲಸ ಹಿಡಿದಿದ್ದ. ಬಿದಿರಿನ ಸಾರವೆ ಹತ್ತುವವರು ಫೋನು ಒಯ್ಯುವ ಹಾಗಿಲ್ಲ. ಹಾಗಾಗಿ ಗಂಡ ಹೆಂಡಿರಲ್ಲಿ ಒಂದು ಕಟ್ಟಳೆ: ಅಡುಗೆ ಆದಕೂಡಲೇ ಅವಳು ತಾರಸಿಯ ಮೇಲೆ ಕೆಂಪು ಹೊದಿಕೆ ಹರವಬೇಕು, ಅದನ್ನು ಕಂಡು ಅವನು ಊಟಕ್ಕೆ ಇಳಿಯಬೇಕು. ಹಿಂದಿನ ಸಲ ಇದೇ ಬುದ್ಧನಿಗೆ ಬಳಿಯುವಾಗ ಬಿಸಿ ಆರುವುದರೊಳಗೆ ಬಂದು ಕೂರುತ್ತಿದ್ದ. ಈ ಸಲ ಹೊತ್ತು ಮೀರಿ ಬರುತ್ತಾನೆ. ಕೇಳಿದರೆ ಹೊದಿಕೆ ಕಾಣಲಿಲ್ಲವಂತೆ! ಅದೇನು ಸಾಸಿವೆ ಕಾಳೇ? ಅವನನ್ನು ಕಟ್ಟಿಹಾಕುವಂಥದ್ದು ಆ ಗುಡ್ಡದ ಮೇಲೆ ಏನಿದೆ?

ಇವತ್ತು ಹೊದಿಕೆ ಹರವಿಯೇ ಹೊರಟಿದ್ದಳು. ಗುಡಿಯ ಅಂಗಳ ಗುಡಿಸುತ್ತಿದ್ದ ಮುದುಕ ಭಿಕ್ಷುವನ್ನು ಕೇಳಿದಳು: "ಸ್ವಾಮಿ, ನೀರಿನ ಟ್ಯಾಂಕಿನ ಪಕ್ಕದ ತಾರಸಿ ಇಲ್ಲಿಂದ ಕಾಣುತ್ತಾ?"

"ಕೆಂಪು ಹೊದಿಕೆ ಮನೆ ತಾನೆ? ಚೆನ್ನಾಗಿ ಕಾಣುತ್ತಮ್ಮ. ದಿನಾ ಒಗೆದು ಹಾಕ್ತಾರೆ. ಹಾಸಿಗೆ ಒದ್ದೆ ಮಾಡೋ ಕೂಸಿದೆ ಅಂದ್ಕೊಂಡಿದ್ದೆ."

ಅವಳೂ ಬಗ್ಗಿ ನೋಡಿದಳು. ಬೆಂಕಿಪೊಟ್ಟಣ ಚೆಲ್ಲಿದಂತಿದ್ದ ಊರಿನ ನಡುವೆ ಹೊದಿಕೆ ಕೆಂಡದ ಹಾಗೆ ಢಾಳಾಗಿ ಕಾಣುತ್ತಿತ್ತು.

'ಸಿಕ್ಕಿಬಿದ್ದೆ, ಮಹರಾಯ' ಅಂದುಕೊಂಡು ವಿಗ್ರಹದ ಮುಂದಕ್ಕೆ ಬಂದಳು.

ಸಾರವೆಯ ಮೇಲೆ ಗಂಡ ಒಬ್ಬನೇ ಇದ್ದ. ಬುದ್ಧನ ಕೆನ್ನೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು, ಎಡಗೈಯಲ್ಲಿ ತಡವಿ, ಬಲಗೈಯಲ್ಲಿ ಬಳಿಯುತ್ತಿದ್ದ. ಅವಳು ಕೆಮ್ಮಿದಳು. ತಿರುಗಿ ನೇರ ಅವಳನ್ನೇ ನೋಡಿದ.

"ಯಾರದು?"

ಅವಳು ಸಾರವೆಯ ಬುಡಕ್ಕೆ ಓಡಿದಳು. "ಯಾರದಾ? ನಿಮ್ಮನ್ನ ಕಟ್ಕೊಂಡವಳು! ಯಾವಾಗಿಂದ ಹೀಗೆ?"

ಅವನು ಕುಂಚ ಇಳಿಸಿದ. "ಸುಮಾರು ದಿನ ಆಯ್ತು ಕಣೇ. ಹತ್ತಿರದ್ದು ಕಾಣುತ್ತೆ, ದೂರದ್ದೆಲ್ಲ ಸುಣ್ಣದ ನೀರು. ಮೇಸ್ತ್ರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ, ಬಾಯಿ ಮುಚ್ಚು."

"ಜಾರಿ ಬಿದ್ರೆ ಕೆಲಸ ಉಳಿಯುತ್ತೆ, ನೀವು ಉಳೀತೀರಾ? ಇಳೀರಿ!"

"ಬುದ್ಧನ ಕಣ್ಣು ಬಾಕಿ ಇದೆ."

"ಅವನು ಅರ್ಧ ಮುಚ್ಚಿದ ಕಣ್ಣಲ್ಲೇ ಇಡೀ ಊರು ನೋಡ್ತಾನೆ. ನೀವು ಪೂರ್ತಿ ತೆರೆದ್ರೂ ಹೆಂಡ್ತಿ ಕಾಣಲ್ಲ. ಯಾರ ಕಣ್ಣು ಮೊದಲು ರಿಪೇರಿ ಆಗಬೇಕು, ನೀವೇ ಹೇಳಿ!"

ಕೆಳಗೆ ಭಿಕ್ಷು ಪೊರಕೆ ನಿಲ್ಲಿಸಿ ನಕ್ಕುಬಿಟ್ಟರು. ಅವನು ಗೊಣಗುತ್ತ, ಕಾಲಲ್ಲಿ ಬಿದಿರು ಹುಡುಕುತ್ತ ಇಳಿಯತೊಡಗಿದ. "ಇನ್ನೂ ಕೆಳಗೆ. ಎಡಕ್ಕೆ. ಹಾಂ, ಅಲ್ಲೇ ಊರಿ," ಎನ್ನುತ್ತ ಅವಳು ಒಂದೊಂದೇ ಹೆಜ್ಜೆ ಇಳಿಸಿಕೊಂಡಳು. ನೆಲ ಮುಟ್ಟಿದ ಮೇಲೆ ಬಣ್ಣ ಮೆತ್ತಿದ ಅವನ ಮಣಿಕಟ್ಟು ಹಿಡಿದುಕೊಂಡಳು.

"ಮೇಸ್ತ್ರಿ ಎಲ್ಲಿ? ನಾನೇ ಹೇಳ್ತೀನಿ. ಇವತ್ತು ನೆಲದ ಮೇಲೆ ನಿಂತು ಪೀಠಕ್ಕೆ ಬಳೀರಿ. ನಾಳೆ ಕಣ್ಣಿನ ಆಸ್ಪತ್ರೆ."