ಅಂಚೆ ಡಬ್ಬಿಯೊಳಗೆ ಬೆಣ್ಣೆ ಪೆಟ್ಟಿಗೆ

ನನ್ನ ಗಂಡ ವರ್ಲನ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಹಾಗಾಗಿ ಟೇಪು ಹಿಡಿದು ಗಾಡಿ ಅಳೆಯುವುದೆಂದರೆ ಅವನಿಗೆ ಅವಮಾನ. ನಿವೃತ್ತಿಯಾದ ಮೇಲೆ ಒಂದು ಹಳೇ ಮನೆಬಸ್ಸು ಕೊಂಡೆವು. ಒಳಗೇ ಒಲೆ, ಹಾಸಿಗೆ ಎಲ್ಲ ಇದೆ. ನನ್ನ ಸೊಂಟನೋವಿಗೆ ಬೇರೆ ಗಾಡಿ ಆಗಿಬರುವುದಿಲ್ಲ.

ಆ ಶನಿವಾರ ನನ್ನಕ್ಕ ನೆಲ್ಡಾಗೆ ತೊಂಬತ್ತು ತುಂಬುತ್ತಿತ್ತು. ಅವಳ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಈ ಸಲ ಅವಳು ನನ್ನ ಮುಖ ನೋಡದಿದ್ದರೆ ಮತ್ತೆ ನೋಡಲಾರಳು ಎಂದು ನನಗೆ ಹೆದರಿಕೆ. ಅವಳ ಊರು ಕೆಂಪು ಬಂಡೆಗಳ ರಾಷ್ಟ್ರೀಯ ಉದ್ಯಾನದ ಆಚೆಗಿದೆ. ದಾರಿಯಲ್ಲಿ ಒಂದು ಸುರಂಗ.

"ಶುಕ್ರವಾರ ಸಂಜೆ ಹೊರಡೋಣ, ರಶ್ ಕಮ್ಮಿ ಇರುತ್ತೆ" ಎಂದ ವರ್ಲನ್.

ಪಕ್ಕದ ಮನೆಯ ಒರಾಲಿ ನೆಲ್ಡಾಗೆಂದು ಏಪ್ರಿಕಾಟ್ ಜಾಮ್ ಕೊಡಲು ಬಂದಿದ್ದಳು. ಹತ್ತು ಬೇಸಿಗೆ ಆ ಉದ್ಯಾನದ ಗೇಟಿನಲ್ಲಿ ಕೆಲಸ ಮಾಡಿದವಳು.

"ಗಾಡಿ ಎತ್ತರ ಎಷ್ಟೋ ವರ್ಲನ್?"

"ಹನ್ನೊಂದಡಿ. ಮಾರಿದವನ ಕಾಗದದಲ್ಲೇ ಇದೆ."

"ಆಮೇಲೆ ನೀನು ಗಾಡಿ ತಲೆ ಮೇಲೆ ಕೂರಿಸಿದೆಯಲ್ಲ ಏಸಿ, ಅದೂ ಕಾಗದದಲ್ಲಿದೆಯಾ?"

ವರ್ಲನ್ ನಕ್ಕುಬಿಟ್ಟ. "ಎರಡು ಕಾರು ಎದುರುಬದುರು ಹೋಗೋ ಸುರಂಗ ಕಣೇ ಅದು. ನಮ್ಮದೊಂದು ಹೋಗಲ್ವಾ?"

ನಿಜ ಹೇಳಬೇಕೆಂದರೆ ನನಗೂ ಅದೇ ಕುತೂಹಲ. ಎರಡು ಹಿಡಿಸುವ ಕಡೆ ಒಂದು ಯಾಕೆ ಹಿಡಿಸುವುದಿಲ್ಲ?

ಒರಾಲಿ ನಮ್ಮ ಅಡುಗೆಮನೆಯಿಂದ ಬೆಣ್ಣೆಯ ಖಾಲಿ ರಟ್ಟಿನ ಪೆಟ್ಟಿಗೆ ಎತ್ತಿಕೊಂಡಳು. ನಮ್ಮನ್ನು ಮನೆಯ ಗೇಟಿನ ಹತ್ತಿರ ಕರೆದೊಯ್ದು ಕಂಬದ ಮೇಲಿನ ಅಂಚೆ ಡಬ್ಬಿಯ ಬಾಗಿಲು ತೆರೆದಳು. ಡಬ್ಬಿಯ ಚಾವಣಿ ಸುರಂಗದ ಹಾಗೇ ಕಮಾನಿನದು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಂದು ಬದಿಗೆ ಒತ್ತಿ ಒಳಕ್ಕೆ ತಳ್ಳಿದಳು. ಮೇಲಿನ ಮೂಲೆ ಕಮಾನಿಗೆ ತಾಗಿ ನಿಂತಿತು. ನಡುವೆ ತಳ್ಳಿದಳು. ಸಲೀಸಾಗಿ ಹೋಯಿತು.

"ಸರಿ, ನಾನೂ ನಡುವೆ ಹೋಗ್ತೀನಿ" ಎಂದ ವರ್ಲನ್.

"ಎದುರಿಂದ ಬರೋರು ಎಲ್ಲಿಗೆ ಹೋಗ್ಬೇಕು, ಗೋಡೆಯೊಳಕ್ಕಾ?"

ವರ್ಲನ್ ತಾನೇ ಪೆಟ್ಟಿಗೆಯನ್ನು ಮತ್ತೆ ಬದಿಗೆ ಒತ್ತಿ ತಳ್ಳಿ ನೋಡಿದ. ಒರಾಲಿ ಬಿಡಿಸಿ ಹೇಳಿದಳು: "ಎತ್ತರದ ಗಾಡಿಗೆ ಮೊದಲೇ ಪರವಾನಗಿ ತಗೊಂಡ್ರೆ ಸಿಬ್ಬಂದಿ ಎದುರಿನ ಗಾಡಿ ನಿಲ್ಲಿಸಿ ನಿನ್ನನ್ನ ನಡುವೆ ಬಿಡ್ತಾರೆ. ಅದೂ ಹಗಲು ಹೊತ್ತು ಮಾತ್ರ. ಸಂಜೆ ಹೋದ್ರೆ ವಾಪಸ್ ಕಳಿಸ್ತಾರೆ. ಆಗ ಬೆಟ್ಟ ಸುತ್ತಿಕೊಂಡು ಹೋಗ್ಬೇಕು, ಇನ್ನೂ ನಾಲ್ಕು ಗಂಟೆ ಜಾಸ್ತಿ. ನಿನ್ನ ಹೆಂಡ್ತಿ ಲರೂ ಸೊಂಟ ತಡೆಯುತ್ತಾ?"

ವರ್ಲನ್ ನನ್ನ ಕಡೆ ನೋಡಿದ. ಏಣಿ ತಂದು ಗಾಡಿ ಅಳೆದ. ಹನ್ನೆರಡಡಿ ಎರಡು ಇಂಚು! ನಂಬದೆ ಮತ್ತೊಮ್ಮೆ ಅಳೆದ. ಆಮೇಲೆ ಸಿಟ್ಟಿಗೆ ಅಂಚೆ ಡಬ್ಬಿಯನ್ನೂ ಅಳೆದ.

ಅವತ್ತೇ ಉದ್ಯಾನಕ್ಕೆ ಫೋನ್ ಮಾಡಿ ಪರವಾನಗಿಗೆ ಹೇಳಿದೆವು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸುರಂಗದ ಬಾಯಿಗೆ ಬಂದಾಗ ಸಿಬ್ಬಂದಿಯ ಹುಡುಗಿ ಎದುರಿನವರನ್ನು ತಡೆದು ನಮಗೆ ಕೈ ಬೀಸಿದಳು. ನಡುಗೆರೆಯ ಮೇಲೆ ಮೆಲ್ಲಗೆ ಸಾಗಿದೆವು. ಕಿಟಕಿಯಿಂದ ಕತ್ತು ಚಾಚಿ ನೋಡಿದೆ. ಅಕ್ಕಪಕ್ಕ ಕಮಾನು ಕೆಳಗಿಳಿದಿತ್ತು, ಥೇಟ್ ನಮ್ಮ ಡಬ್ಬಿಯ ಹಾಗೆ. ಆಚೆ ಕಡೆ ಕಾಯುತ್ತಿದ್ದವರಿಗೆಲ್ಲ ವರ್ಲನ್ ಟೋಪಿ ತೆಗೆದ.

ಮನೆ ತಲುಪಿದಾಗ ನೆಲ್ಡಾ ನನ್ನ ಮುಖವನ್ನು ತನ್ನ ಮೂಗಿನ ಹತ್ತಿರ ಎಳೆದುಕೊಂಡು ನೋಡಿದಳು. "ಅಯ್ಯೋ, ಎಷ್ಟು ಮುದುಕಿ ಆಗಿಬಿಟ್ಟಿದೀಯೇ!" ಎಂದಳು. ಇಷ್ಟು ಖುಷಿಯ ಬೈಗುಳ ನಾನು ಕೇಳಿರಲಿಲ್ಲ. ಅತ್ತುಬಿಟ್ಟೆ.

ನಿಮ್ಮದು ಬಸ್ಸಿರಲಿ, ಲಾರಿಯಿರಲಿ, ಉದ್ಯಾನದ ದಾರಿ ಹಿಡಿಯುವ ಮುಂಚೆ ಒಮ್ಮೆ ಏಣಿ ಹತ್ತಿ. ನೆಲದಿಂದ ತುದಿಯವರೆಗೆ, ಅಗಲಕ್ಕೆ ಈ ಬದಿಯ ಕನ್ನಡಿಯಿಂದ ಆ ಬದಿಯ ಕನ್ನಡಿಗೆ ಅಳೆಯಿರಿ. ಯಾವ ಗಾಡಿಯನ್ನು ಯಾವ ಹೊತ್ತಿಗೆ ಬಿಡುತ್ತಾರೆಂದು ಫೋನ್ ಮಾಡಿ ಕೇಳಿ. ಆಚೆ ಕಡೆ ನಿಮ್ಮ ಮುಖ ನೋಡಲು ಯಾರೋ ಕಾಯುತ್ತಿರುತ್ತಾರೆ.